ಮಂಗಳನ ವಕೀಲರು

ಬೆಳಿಗ್ಗೆ ಎದ್ದು ಅಂಗಳ ಗುಡಿಸಿ, ನೀರು ಹೊಡೆದು, ರಂಗೋಲಿ ಇಟ್ಟೆ. ನಳ ಬರುವ ದಿನವಾದ್ದರಿಂದ ಕೊಡ, ಡ್ರಮ್ಮು, ಕೊನೆಗೆ ಸ್ನಾನದ ಬಕೆಟ್ಟನ್ನೂ ತುಂಬಿಸಿಟ್ಟೆ. ಕಡಲೆಬೇಳೆ ಬೇಯಿಸಿ, ಬೆಲ್ಲ ಕುಟ್ಟಿ ಹಾಕಿ, ಹೂರಣ ರುಬ್ಬಿದೆ. ಕಣಕ ನಾದಿ ಎಣ್ಣೆ ಸವರಿ ಮುಚ್ಚಿಟ್ಟೆ. ಎಣ್ಣೆಗಾಯಿಗೆ ಸಣ್ಣ ಬದನೆಕಾಯಿ ಆರಿಸಿ ಸೀಳಿದೆ. ಪಡಸಾಲೆಯ ಜೇಡ ಹೊಡೆದು ಜಮಖಾನೆಯನ್ನು ಬಿಸಿಲಿಗೆ ಹಾಕಿದೆ. ಮಗಳ ತಲೆ ಬಾಚಿದೆ. ಆಮೇಲೆ ಪಕ್ಕದ ಮನೆಯ ಬೀಗ ತೆಗೆದು, ಅಲ್ಲಿನ ಗಿಡಗಳಿಗೆ ನೀರು ಹಾಕಿ, ಮಗಳ ಜಡೆಗೆ ಒಂದು ಹಿಡಿ ಮಲ್ಲಿಗೆ ಬಿಡಿಸಿಕೊಂಡು ಬಂದೆ.

ಮಗಳನ್ನು ನೋಡಲು ಯಲಬುರ್ಗಾದಿಂದ ಗಂಡಿನವರು ಬರುವವರಿದ್ದರು. ಅವಳು ಕೊಪ್ಪಳದಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸದಲ್ಲಿದ್ದಾಳೆ. ಕುಷ್ಟಗಿಯ ನಮ್ಮ ಮನೆಗೆ ನಿನ್ನೆ ಸಂಜೆಯ ಬಸ್ಸಿಗೆ ಬಂದಿದ್ದಳು. ಅವಳಿಗಿಂತ ಮೊದಲೇ ನಮ್ಮ ಯಜಮಾನರ ಅಕ್ಕ ಗಂಗಾವತಿ ಕಡೆಯ ಮರಳಿಯಿಂದ ಹೊಸ ಅಕ್ಕಿಯ ಚೀಲದ ಸಮೇತ ಬಂದು ಕೂತಿದ್ದರು. ಬಂದವರೇ ಮೊಬೈಲಿನಲ್ಲಿ ಜಾತಕ ತೆಗೆಸಿ, ಮಗಳು ಹುಟ್ಟಿದ ಹೊತ್ತನ್ನು ಒತ್ತಿ ನೋಡಿದರು. ಕೆಂಪಕ್ಷರ ಬಂತು: ಮಂಗಳ ದೋಷ. ಇದು ನಮಗೆ ಹೊಸದಲ್ಲ. ಇದೇ ಕಾರಣಕ್ಕೆ ಎರಡು ಸಂಬಂಧ ಬಂದ ದಾರಿಯಲ್ಲೇ ತಿರುಗಿ ಹೋಗಿವೆ. ಅಕ್ಕ ಎದೆಗುಂದಲಿಲ್ಲ. ಅನ್ನ ಬೆಂದಿತೋ ಇಲ್ಲವೋ ಎಂದು ಅಗುಳು ಹಿಚುಕಿ ನೋಡುವ ಹಾಗೆ, ಹುಟ್ಟಿದ ಹೊತ್ತನ್ನು ಅರ್ಧರ್ಧ ತಾಸು ಮುಂದೆ ಸರಿಸಿ ಸರಿಸಿ ನೋಡುತ್ತ ಹೋದರು. ಒಂಬತ್ತೂವರೆ ಸುಮಾರಿಗೆ ಕೆಂಪು ಹೋಗಿ ಹಸಿರು ಬಂತು.

“ಆತು ನೋಡು ತಂಗಿ. ಗಂಡಿನವರು ಕೇಳಿದ್ರ ಎಲ್ಲಾರೂ ಒಂದ ಬಾಯಿಲೆ ಬೆಳಿಗ್ಗೆ ಒಂಬತ್ತೂವರಿ ಅನ್ರಿ. ಎಲ್ಡು ಹೋದಂಗ ಇದೂ ಹೋಗಬಾರ್ದು” ಅಂದರು.

ತಲೆ ಬಾಚುವಾಗ ಮಗಳು ಕನ್ನಡಿಯಲ್ಲೇ ನನ್ನ ಮುಖ ನೋಡಿ ಕೇಳಿದಳು. “ಅವ್ವಾ, ನೀ ಏನಂತಿ?”

“ನೋಡೂಣು” ಅಂದೆ. ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ಸಂಸಾರದಲ್ಲಿ ನಾನು ಇದುವರೆಗೆ ಹೆಚ್ಚು ಆಡಿದ ಮಾತು ಅದೇ ಇರಬೇಕು. ಬಾಚಣಿಕೆ ಇಟ್ಟು, ಬೀಗದ ಕೈ ತಗೊಂಡು ಪಕ್ಕದ ಮನೆಗೆ ಹೋದೆ.

ಆ ಮನೆ ಅಕ್ಕೋರದು. ಅವರಿಗೊಂದು ಹೆಸರಿತ್ತು, ಆದರೆ ಪಿಂಚಣಿ ಕಾಗದಗಳ ಹೊರತು ಅದನ್ನು ಯಾರೂ ಬಳಸಿದ್ದು ನಾನು ಕಾಣೆ. ಸಾಲಿಯಲ್ಲಿ ಕಲಿಸಿದವರು, ಹಾಗಾಗಿ ಓಣಿಗೆಲ್ಲ ಅಕ್ಕೋರು. ಬೆನ್ನ ಹಿಂದೆ ಇನ್ನೊಂದು ಹೆಸರಿತ್ತು, ಮಂಗಳನ ವಕೀಲರು. ಅದು ಅವರಿಗೆ ಗೊತ್ತಿತ್ತು. “ಫೀಜ್ ಕೊಡದ ಕಕ್ಷಿದಾರ, ಏನ್ ಮಾಡೂದು” ಎಂದು ನಗುತ್ತಿದ್ದರು. ಈ ಮಳೆಗಾಲದಲ್ಲಿ ತೀರಿಹೋದರು, ಒಂದು ಬುಧವಾರ. ಮಂಗಳವಾರ ಹೋಗಿದ್ದರೆ ಓಣಿಯವರಿಗೆ ಆಡಿಕೊಳ್ಳಲು ಒಂದು ಮಾತು ಸಿಗುತ್ತಿತ್ತು. ಅದನ್ನೂ ಕೊಡದೆ ಹೋದರು.

ಬಡಕಲು ಮೈ, ದೊಡ್ಡ ಧ್ವನಿ. ಚಹಾಕ್ಕೆ ಶುಂಠಿ ಎಷ್ಟು ಜಜ್ಜಿ ಹಾಕುತ್ತಿದ್ದರೆಂದರೆ ಕುಡಿದವರ ಕಣ್ಣಲ್ಲಿ ನೀರು ಬರಬೇಕು. ಗಟಾರದ ನೀರು ಯಾರ ಬಾಗಿಲಿಗೆ ಹರಿಯಬೇಕೆಂಬ ವಿಷಯದಲ್ಲಿ ನಮ್ಮತ್ತೆಯ ಜೊತೆ ವರ್ಷಗಟ್ಟಲೆ ಜಗಳ ಕಾಯ್ದವರು. ಅದೇ ಅತ್ತೆ ಹಾಸಿಗೆ ಹಿಡಿದಾಗ ಮಧ್ಯಾಹ್ನವೆಲ್ಲ ಪಕ್ಕದಲ್ಲಿ ಕೂತು ಪೇಪರು ಓದಿ ಹೇಳಿದವರು. ಓದುವಾಗಲೂ ಗಟಾರದ ಮಾತು ಬಿಡುತ್ತಿರಲಿಲ್ಲ. ಆಕಾಶದಲ್ಲಿ ಏನನ್ನಾದರೂ ತೋರಿಸುವಾಗ ಕನ್ನಡಕ ತೆಗೆದು ಅದರ ಕಾಲನ್ನು ಬೆತ್ತದಂತೆ ಚಾಚುವರು. ಕನ್ನಡಕ ತೆಗೆದ ಮೇಲೆ ಅವರಿಗೆ ತಾವು ತೋರಿಸುತ್ತಿರುವುದೇ ಕಾಣುತ್ತಿರಲಿಲ್ಲ. “ಕಂಡಿತೇನ? ಕಂಡಿತೇನ?” ಎಂದು ನಮ್ಮನ್ನೇ ಕೇಳುವರು.

ಅವರು ಹುಟ್ಟಿದ್ದು ಯಲಬುರ್ಗಾ ತಾಲೂಕಿನ ಒಂದು ಸಣ್ಣ ಊರಲ್ಲಿ. ಓದು ಮುಗಿಸಿ ನೌಕರಿ ಹಿಡಿದ ಹೊಸತರಲ್ಲೇ ನೋಡಲು ಬರುವವರು ಶುರುವಾದರು. ಬಂದವರು ಉಪ್ಪಿಟ್ಟು ತಿಂದು, ಜಾತಕ ಒಯ್ದು, ಮಂಗಳ ಇದೆಯೆಂದು ಹೇಳಿ ಕಳಿಸುವರು. ಹಾಗೆ ಮೂರನೆಯವರು ಹೇಳಿ ಕಳಿಸಿದ ದಿನ ಅಕ್ಕೋರು ತಮ್ಮ ಅಪ್ಪನನ್ನು ಅಂಗಳಕ್ಕೆ ಕರೆದು ಕೇಳಿದರಂತೆ.

“ಅಪ್ಪಾ, ಯಾವನು ಆ ಮಂಗಳ? ತೋರ್ಸು.”

ಅಪ್ಪ ಮೇಲೆ ನೋಡಿದ, ಕೆಳಗೆ ನೋಡಿದ. ಜಾತಕ ಟ್ರಂಕಿನಲ್ಲಿದೆ ಎಂದ. ಮರುದಿನ ಅಕ್ಕೋರು ಪಂಚಾಂಗ ನೋಡುವವರ ಮನೆಗೇ ಹೋದರು. ಆ ಕಥೆಯನ್ನು ಅವರ ಬಾಯಿಂದಲೇ ಕೇಳಬೇಕಿತ್ತು. “ನನ್ನ ಮದಿವಿ ಮುರದಾನಲ್ರಿ, ಅವನ ಮಾರಿ ಒಮ್ಮೆ ನೋಡಬೇಕು, ತೋರಿಸ್ರಿ ಅಂದ್ನಿ. ಅವರು ಪುಸ್ತಕ ತೆಗೆದು ಕುಂಡಲಿ ಮನಿಯೊಳಗ ಒಂದು ಅಕ್ಷರ ತೋರಿಸಿದ್ರು. ಇದು ಅಕ್ಷರ ಆತ್ರಿ, ಮ್ಯಾಲ ತೋರಿಸ್ರಿ ಅಂದ್ನಿ. ಈಗ ಮ್ವಾಡ ಮುಚ್ಚೈತಿ ಅಂದ್ರು. ಹೊರಗ ಬಂದು ನೋಡ್ತೀನಿ, ಒಂದರ ಮ್ವಾಡ ಇದ್ದಿದ್ರ ಕೇಳು!”

ಅಲ್ಲಿಂದ ಶುರುವಾದದ್ದು. ಯಾರೂ ತೋರಿಸದ್ದನ್ನು ತಾವೇ ಹುಡುಕಿದರು. ಸಾಲಿಯ ಭೂಗೋಳದ ಪುಸ್ತಕ, ಪೇಪರಿನಲ್ಲಿ ಬರುತ್ತಿದ್ದ ಆಕಾಶದ ಚಿತ್ರ, ಆಮೇಲೆ ರೇಡಿಯೋ, ಕಡೆಕಡೆಗೆ ಮೊಬೈಲು. ವರ ಸಿಗಲಿಲ್ಲ, ಮಂಗಳ ಸಿಕ್ಕ. ಮೊದಲ ಸಲ ಅವನನ್ನು ಗುರುತು ಹಿಡಿದಾಗ ಬಯ್ಯಬೇಕೆಂದು ಮಾಳಿಗೆ ಹತ್ತಿದ್ದರಂತೆ, ಬಯ್ಯಲು ಮನಸ್ಸು ಬರಲಿಲ್ಲವಂತೆ. “ಅಲ್ಲ, ಅಷ್ಟು ದೂರ ಒಬ್ಬನ ಕುಂತಾನ. ಹತ್ರ ಬಂದಾಗೂ ಕೋಟಿಗಟ್ಟಲೆ ಮೈಲು. ಅಲ್ಲಿಂದ ಕೈ ಚಾಚಿ ಯಲಬುರ್ಗಾ ತಾಲೂಕಿನಾಗಿನ ಹುಡುಗಿ ತಾಳಿ ಹರಿತಾನಂತ. ಅವನಿಗೆ ಬ್ಯಾರೆ ಉದ್ಯೋಗ ಇಲ್ಲೇನು?”

ನಮ್ಮ ಓಣಿಗೆ ಬಂದು ಮನೆ ಕಟ್ಟಿಸಿದಾಗ ಪಾಯ ಹಾಕಿದ್ದು ಮಂಗಳವಾರ, ಒಳಹೊಕ್ಕಿದ್ದೂ ಮಂಗಳವಾರ. ಊಟಕ್ಕೆ ಹೇಳಿದವರಲ್ಲಿ ಬಂದವರು ಕಡಿಮೆ, ಉಳಿದ ಬುಂದಿ ಸಾಲಿಯ ಮಕ್ಕಳಿಗೆ ಹೋಯಿತು. ಮೊದಲ ಮಳೆಗೆ ಅಡುಗೆಮನೆ ಸೋರಿತು. ನಮ್ಮತ್ತೆ ಬಾಗಿಲಲ್ಲೇ ನಿಂತು, “ನೋಡಿದ್ರ್ಯಾ ಅಕ್ಕೋರ, ನಾವು ಹೇಳಿದ್ವಿ” ಅಂದರು. ಅಕ್ಕೋರು ಸೋರುವಲ್ಲಿ ಪಾತ್ರೆ ಇಡುತ್ತಲೇ ಹೇಳಿದರು, “ಇದು ಮಂಗಳನ ಕೆಲಸ ಅಲ್ರಿ ಯವ್ವಾ. ಸಿಮೆಂಟಿನಾಗ ಉಸುಕು ಜಾಸ್ತಿ ಹಾಕ್ಯಾನ ಮೇಸ್ತ್ರಿ. ಅವ ಶುಕ್ರವಾರದಾಗ ಹುಟ್ಟಿದಾವಂತ, ಕೇಳೀನಿ.”

ನಮ್ಮ ದೇಶದ ನೌಕೆ ಮಂಗಳನ ಕಡೆ ಹೊರಟ ದಿನ ಅವರ ಟೀವಿಯ ಮುಂದೆ ಓಣಿಯೇ ಕೂತಿತ್ತು. ನೌಕೆ ಮೇಲೇರಿದ್ದಕ್ಕಿಂತ ಅವರಿಗೆ ಖುಷಿ ಕೊಟ್ಟದ್ದು ಬೇರೆ. “ಯಾವಾರ ಇವತ್ತು? ಹೇಳ್ರಿ ಎಲ್ಲಾರೂ! ಮಂಗಳವಾರ! ಅಷ್ಟು ಶಾಣ್ಯಾರು ಮಂಗಳವಾರ ಹಾರಿಸ್ಯಾರ. ನಿಮಗ ಮಂಗಳವಾರ ಕಟಿಂಗ್ ಮಾಡಸಾಕ ಅಂಜಿಕಿ!” ಅಂದು ಎಲ್ಲರಿಗೂ ಒಗ್ಗರಣೆ ಮಂಡಕ್ಕಿ ಮಿರ್ಚಿ ಹಂಚಿದರು.

ಎರಡು ವರ್ಷಕ್ಕೊಮ್ಮೆ ಮಂಗಳ ಭೂಮಿಯ ಹತ್ತಿರ ಬಂದು ಕೆಂಡದ ಹಾಗೆ ಕಾಣುತ್ತಾನೆ. ಆ ದಿನಗಳಲ್ಲಿ ದೀಪ ಹಚ್ಚುವ ಹೊತ್ತಿಗೆ ಅಕ್ಕೋರ ಮಾಳಿಗೆಯ ಮೇಲೆ ಚಾಪೆ ಬೀಳುತ್ತಿತ್ತು. ನಾವು ಹೆಂಗಸರು ಅಕ್ಕಿ ಆರಿಸುವ ಮೊರ ಹಿಡಿದೇ ಹತ್ತುತ್ತಿದ್ದೆವು. “ಮಿಣಕ್ ಮಿಣಕ್ ಅನ್ನಾವು ಚುಕ್ಕಿ. ಕಣ್ಣು ಪಿಳುಕಿಸದ ನಿಮ್ಮನ್ನ ದಿಟ್ಟಿಸಿ ನೋಡಾವು ಗ್ರಹ. ಅಂಜಿದಾವ ಹಂಗ ನೋಡ್ತಾನೇನು?” ಅನ್ನುವರು. ಒಂದು ವರ್ಷ ಅವರೇ ತಪ್ಪಿದರು. ನಾಲ್ಕಾರು ಸಂಜೆ ನಮಗೆಲ್ಲ ತೋರಿಸಿದ ಕೆಂಪು ಚುಕ್ಕೆ ಮಂಗಳನಾಗಿರದೆ ಜ್ಯೇಷ್ಠಾ ನಕ್ಷತ್ರವಾಗಿತ್ತು. ಗೊತ್ತಾದ ಬೆಳಿಗ್ಗೆ ಮನೆಮನೆಗೆ ಬಂದರು. ನಾನು ರೊಟ್ಟಿ ಬಡಿಯುತ್ತಿದ್ದೆ. “ನಿನ್ನಿ ತೋರಿಸಿದಾವ ಬ್ಯಾರೆಯವ ಬೇ. ಮಿಣುಕತಿದ್ದ, ನಾ ಲಕ್ಷ್ಯ ಕೊಡಲಿಲ್ಲ. ಇವತ್ತು ಬಾ, ಖರೇದವನ್ನ ತೋರಿಸ್ತೀನಿ” ಅಂದು ಮುಂದಿನ ಮನೆಗೆ ಹೋದರು. ತಪ್ಪು ತಿದ್ದಿಕೊಳ್ಳುವಾಗಲೂ ಅವರ ಧ್ವನಿ ಒಂದಿಷ್ಟೂ ತಗ್ಗಲಿಲ್ಲ.

ಅವರು ಹೇಳುತ್ತಿದ್ದ ಮಂಗಳ ನಮಗೆ ದೂರದವ ಅನ್ನಿಸುತ್ತಿರಲಿಲ್ಲ. ಅಲ್ಲಿಯದೂ ಮಸಾರಿ ನೆಲ, ನಮ್ಮ ಕೆಂಪು ಹೊಲಗಳ ಹಾಗೆ. ಎಂದೋ ನೀರು ಹರಿದು ಒಣಗಿದ ಹಳ್ಳಗಳಿವೆ. ಎದ್ದರೆ ತಿಂಗಳುಗಟ್ಟಲೆ ಇಳಿಯದ ಧೂಳಿದೆ. “ನಮ್ಮ ತಾಲೂಕಿನವನ ಬಿಡು, ಬೋರ್ ಹಾಕಿದ್ರೂ ನೀರು ಬೀಳವಲ್ದು” ಎಂದು ಎರಡೂ ಕೈ ಎತ್ತುವರು. ಕೆಂಪು ಯಾಕೆ ಅಂದರೆ ಹಿತ್ತಲಿನ ಹಳೇ ಬಾಂಡ್ಲಿ ತಂದು ತೋರಿಸುವರು. ತುಕ್ಕು. ಅವನ ಮೈ ಕೆಂಪಾದದ್ದು ಕಬ್ಬಿಣಕ್ಕೆ ತುಕ್ಕು ಹಿಡಿದು, ಸಿಟ್ಟಿನಿಂದಲ್ಲ. “ನಮ್ಮ ರಕ್ತದ ಕೆಂಪೂ ಕಬ್ಬಿಣದ್ದ. ಅದಕ್ಕ ಅವನಿಗೂ ನಮಗೂ ಬೀಗತನ ಐತಿ” ಅಂದ ಮಾತನ್ನು ನನ್ನ ಮಗಳು ಆಗ ಲಂಗ ಹಾಕಿಕೊಂಡು ಕೇಳುತ್ತ ಕೂತಿದ್ದಳು. ಈಗ ದಿನಾ ಜನರ ರಕ್ತದಲ್ಲಿ ಕಬ್ಬಿಣ ಎಷ್ಟು ಕಡಿಮೆ ಇದೆ ಎಂದು ಬರೆದುಕೊಡುತ್ತಾಳೆ.

ಮಂಗಳನ ವರ್ಷ ನಮ್ಮ ಎರಡು ವರ್ಷಕ್ಕೆ ತುಸು ಕಡಿಮೆ. ನಲವತ್ತು ತುಂಬಿದ ದಿನ ಅಕ್ಕೋರು ಸಾಲಿಯಲ್ಲಿ ಪೇಡೆ ಹಂಚಿ, “ಅಲ್ಲಿ ಲೆಕ್ಕದಾಗ ನನಗಿನ್ನೂ ಇಪ್ಪತ್ತೊಂದು. ಹೆಣ್ಣು ನೋಡಾಕ ಬರಾವ್ರು ಈಗ ಬರ್ರಿ” ಅಂದಿದ್ದರಂತೆ.

ಹಾಗೆ ಅಂದ ಸ್ವಲ್ಪ ದಿನಕ್ಕೇ ಬಸ್ಸಿನ ವಿಷಯ ಹೊರಬಿತ್ತು. ಅವರು ಹುಟ್ಟಿದ ಕಾಲಕ್ಕೆ ಅವರ ಮನೆಯಲ್ಲಿ ಗಡಿಯಾರ ಇರಲಿಲ್ಲ. ಊರಿಗೆಲ್ಲ ಹೊತ್ತು ಹೇಳುತ್ತಿದ್ದದ್ದು ಸಂಜೆ ಬಂದು ರಾತ್ರಿ ಅಲ್ಲೇ ನಿಲ್ಲುವ ವಸ್ತಿ ಬಸ್ಸು. ಹೆರಿಗೆ ಮಾಡಿಸಿದ ಮುದುಕಿ ಹೊರಗೆ ಬಂದು, “ವಸ್ತಿ ಬಸ್ಸು ಹಾರ್ನ್ ಹೊಡದಾಗ ಕೂಸು ಅತ್ತತಿ” ಅಂದಳು. ಅಪ್ಪ ಎಷ್ಟೋ ದಿನದ ಮೇಲೆ ಜಾತಕ ಮಾಡಿಸುವಾಗ ಬಸ್ಸಿನ ಮಾಮೂಲಿ ಹೊತ್ತು ಏಳು ಎಂದು ಬರೆಸಿದ. ಅದರ ಮೇಲೆ ಜಾತಕ, ಜಾತಕದ ಮೇಲೆ ಮಂಗಳ, ಮಂಗಳನ ಮೇಲೆ ಅಕ್ಕೋರ ಇಡೀ ಬಾಳು. ಅಷ್ಟು ವರ್ಷದ ಮೇಲೆ ಯಾವುದೋ ಮದುವೆಯ ಪಂಕ್ತಿಯಲ್ಲಿ ಅವರ ಸೋದರತ್ತೆ ಹೋಳಿಗೆ ಮುರಿಯುತ್ತ ಹೇಳಿದರು. “ಇಕಿ ಹುಟ್ಟಿದ ದಿನ ಮರೆಯಾಕಾಕೈತೇನ? ಅವತ್ತ ವಸ್ತಿ ಬಸ್ಸು ಹಳ್ಳದ ಕೆಸರಾಗ ಸಿಕ್ಕೊಂಡು, ಊರು ಉಂಡು ಮಲಗಿದ ಮ್ಯಾಲೆ ಬಂದಿತ್ತು!”

ತಮ್ಮಂದಿರು ಊಟ ಬಿಟ್ಟೆದ್ದು ಜಾತಕ ಮತ್ತೆ ಬರೆಸಿದರು. ತಡವಾದ ಬಸ್ಸಿನ ಹೊತ್ತಿಗೆ ಮಂಗಳ ಬೇರೆ ಮನೆಗೆ ಸರಿದಿದ್ದ. ದೋಷವೇ ಇಲ್ಲ. ಗದಗಿನ ಕಡೆಯ ಒಬ್ಬ ಮಾಸ್ತರರ ಮನೆಯವರು, ಹಿಂದೆ ಮಂಗಳ ಇದೆಯೆಂದು ಹಿಂಜರಿದವರೇ, ಈಗ ತಾವಾಗಿ ಒಪ್ಪಿ ಹೇಳಿ ಕಳಿಸಿದರು. ಮನೆಯಲ್ಲಿ ಹಬ್ಬ. ಅಕ್ಕೋರು ಮಾತ್ರ ಒಪ್ಪಲಿಲ್ಲ.

ಒಮ್ಮೆ ನಾನು ಕೇಳಿದೆ. “ಅಕ್ಕೋರ, ಒಪ್ಪಬೇಕಿತ್ತಲ್ರಿ. ನೀವು ಸುಳ್ಳು ಹೇಳಿದಂಗ ಆಕ್ಕಿದ್ದಿಲ್ಲ. ಖರೇನ ಬಸ್ಸು ತಡಾ ಆಗಿತ್ತಲ್ಲ.”

ಅವರು ಶುಂಠಿ ಜಜ್ಜುವುದನ್ನು ನಿಲ್ಲಿಸಿದರು. “ಬಸ್ಸು ತಡಾ ಆಗಿದ್ದಕ್ಕ ನಾ ಛಲೋ ಹೆಣ್ಮಗಳಾದ್ನೇನು? ಏಳಕ್ಕ ಬಂದಿದ್ರ ಗಂಡನ್ನ ಕೊಲ್ಲಾಕಿ, ಹತ್ತಕ್ಕ ಬಂದ್ರ ಮನಿ ಬೆಳಗಾಕಿ? ನಾ ಹೂಂ ಅಂದಿದ್ರ ನನ್ನ ಬಿಡಗಡಿ ಮಾಡಿ ಮಂಗಳನ್ನ ಒಳಗ ಕೂಡಸ್ತಿದ್ರು. ಬಸ್ಸು ಟೈಮಿಗೆ ಬಂದ ದಿನ ಹುಟ್ಟಿದ ಹುಡುಗ್ಯಾರ ಗತಿ ಏನು, ಹೇಳು?” ಮತ್ತೆ ಜಜ್ಜತೊಡಗಿದರು. ಜಜ್ಜುತ್ತಲೇ ಮೆಲ್ಲಗೆ, “ಮಾಸ್ತರ ಒಳ್ಳೆಯವ ಇದ್ದ, ಬಿಡು” ಅಂದರು. ಆ ದಿನದ ಚಹಾ ಇನ್ನೂ ಖಾರವಾಗಿತ್ತು.

ಸಾಲಿಯ ಮಕ್ಕಳನ್ನು ಇಟಗಿಯ ಗುಡಿಗೆ ಕರೆದೊಯ್ದಾಗ ಕತ್ತಲಾಗಿ ಮಂಗಳ ಮೂಡುವವರೆಗೂ ಅಲ್ಲಿಂದ ಕದಲಿಲ್ಲವಂತೆ. ಡ್ರೈವರ್ ತಡವಾಯಿತೆಂದು ಕೂಗಾಡಿದ. “ಬಸ್ಸು ತಡಾ ಆದ್ರ ಏನೂ ಕೆಡಂಗಿಲ್ಲೋ ತಮ್ಮಾ, ನನ್ನ ಕೇಳು” ಅಂದರಂತೆ.

ಮಂಗಳನ ಹೆಸರಲ್ಲಿ ಸಂಬಂಧ ತಪ್ಪಿದ ಹುಡುಗಿಯರನ್ನು ತಾಯಂದಿರು ಸಂಜೆ ಅವರಲ್ಲಿಗೆ ಕರೆತರುತ್ತಿದ್ದರು. ಸಮಾಧಾನದ ಮಾತು ಅವರ ಬಾಯಲ್ಲಿ ಬರುತ್ತಿರಲಿಲ್ಲ. “ಬಾ, ನಿನ್ನ ಕೇಸಿನಾಗ ಹೆಸರು ಬಂದಾವನ್ನ ನೋಡು” ಎಂದು ನೇರ ಮಾಳಿಗೆ ಹತ್ತಿಸುವರು. ಅತ್ತುಕೊಂಡು ಹತ್ತಿದವರು ಇಳಿಯುವಾಗ ಅವನಿಗೆ ಆಲೂಗಡ್ಡೆಯ ಹಾಗಿರುವ ಎರಡು ಚಂದ್ರರಿದ್ದಾರೆಂದು ಹೇಳಿಕೊಂಡು ಇಳಿಯುತ್ತಿದ್ದರು. ಎಲ್ಲರಿಗೂ ಮದುವೆಯಾಯಿತು ಅನ್ನಲಾರೆ. ಕೆಲವರಿಗಾಯಿತು, ಕೆಲವರಿಗಿಲ್ಲ. ಆದರೆ ತಲೆ ತಗ್ಗಿಸಿ ಇಳಿದವಳನ್ನು ನಾನು ನೋಡಿಲ್ಲ.

ಇವತ್ತು ಅವರ ಗಿಡಗಳಿಗೆ ನೀರು ಹಾಕುವಾಗ ಇದೆಲ್ಲ ನೆನಪಾಯಿತು. ಆ ಬಾಂಡ್ಲಿ ಹಿತ್ತಲಲ್ಲಿ ಹಾಗೇ ಇದೆ, ಇನ್ನಷ್ಟು ಕೆಂಪಾಗಿ.

ಗಂಡಿನವರು ಮಧ್ಯಾಹ್ನ ಬಂದರು. ಹುಡುಗ, ಅವನ ತಂದೆ, ತಾಯಿ, ಸೋದರಮಾವ. ಹುಡುಗ ಒಳ್ಳೆಯವನ ಹಾಗಿದ್ದ, ಮಗಳ ಕೆಲಸದ ಬಗ್ಗೆ ಎರಡು ಮಾತು ಕೇಳಿದ. ಮಗಳೂ ನಕ್ಕಳು. ನನಗೆ ಒಳಗೊಳಗೇ ಆಸೆಯಾಯಿತು. ಅವಲಕ್ಕಿ ಮುಗಿದು ಚಹಾ ಬಂದಾಗ ಸೋದರಮಾವ ಮೊಬೈಲು ತೆಗೆದರು.

“ಹುಡುಗಿ ಹುಟ್ಟಿದ ಟೈಮ್ ಹೇಳಿಬಿಡ್ರಿ, ಒಂದು ಸಲ ನೋಡಿಬಿಡೂಣು.”

“ಒಂಬತ್ತೂವರಿ ರೀ, ಬೆಳಿಗ್ಗೆ” ಅಂದರು ಅಕ್ಕ, ಚಹಾ ಕೊಡುತ್ತಲೇ. ನಮ್ಮ ಯಜಮಾನರು ಜಮಖಾನೆಯ ಅಂಚು ನೋಡುತ್ತಿದ್ದರು. ಮಗಳು ನನ್ನನ್ನೇ ನೋಡುತ್ತಿದ್ದಳು, ಕಣ್ಣು ಪಿಳುಕಿಸದೆ.

“ಅಲ್ರಿ” ಅಂದೆ. “ಏಳಕ್ಕ ಐದು ನಿಮಿಷ ಕಮ್ಮಿ. ಹಡದಾಕಿ ನಾನು.”

ಸೋದರಮಾವ ಒತ್ತಿದರು. ನೋಡಿದರು.

“ಮಂಗಳ ಐತಲ್ರೀ!”

“ಐತ್ರಿ. ನಮ್ಮ ಓಣಿಗೆ ಭಾಳ ವರ್ಷದಿಂದ ಗುರ್ತಿನಾವ.”

ಸೋದರಮಾವ ಮೊಬೈಲು ಕಿಸೆಗಿಟ್ಟರು. “ಇರ್ಲಿ ಬಿಡ್ರಿ, ಶಾಂತಿ ಮಾಡಸೂಣು. ಮೊದ್ಲ ಬಾಳಿ ಗಿಡದ ಜೋಡಿ ಹುಡುಗಿ ಲಗ್ನ ಮಾಡಿ, ಆ ಗಿಡ ಕಡದು ಹಾಕಿದ್ರ ದೋಷ ಅದಕ್ಕ ಹೊಕ್ಕೈತಿ” ಅಂದರು.

ಮಗಳು ನಡುವೆ ಬಾಯಿ ಹಾಕಿದಳು. “ಬಾಳಿ ಗಿಡ ಏನ್ ತಪ್ಪು ಮಾಡೈತ್ರಿ ಮಾವಾರ? ಗೊನಿ ಕೊಡೂದು ಬಿಟ್ರ ಮತ್ತೇನೂ ಮಾಡಂಗಿಲ್ಲ ಅದು.”

ಹುಡುಗನ ತುಟಿಯಲ್ಲಿ ನಗು ಬಂದು ಹೋಯಿತು. ಮಾವ ಎದ್ದರು, ಅವರ ಹಿಂದೆ ತಂದೆ ಎದ್ದರು, ಕೊನೆಗೆ ಹುಡುಗನೂ ಎದ್ದ. ಊಟಕ್ಕೆ ನಿಲ್ಲಿರೆಂದರೆ, ಯಲಬುರ್ಗಾದಲ್ಲಿ ಕೆಲಸವಿದೆ, ಫೋನ್ ಮಾಡುತ್ತೇವೆ ಅಂದರು. ಹಾಗಂದರೆ ಏನೆಂದು ಎರಡು ಸಲ ಕೇಳಿದವರಿಗೆ ಗೊತ್ತಿರುತ್ತದೆ.

ಹುಡುಗನ ತಾಯಿ ಕೊನೆಗೆ ಉಳಿದರು. ಚಪ್ಪಲಿ ಮೆಟ್ಟುವ ನೆಪದಲ್ಲಿ ನನ್ನ ಕೈ ಹಿಡಿದು, ಉಸಿರಿನಲ್ಲೇ ಹೇಳಿದರು.

“ನನಗೂ ಐತ್ರಿ ಮಂಗಳ. ನಮ್ಮಪ್ಪ ಟೈಮ್ ಬದಲಿ ಮಾಡಿ ಬರೆಸಿದ್ದ. ಮನಿಯಾಗ ಯಾರಿಗೂ ಗೊತ್ತಿಲ್ಲ.”

ನಾನು ಹೊರಗೆ ನೋಡಿದೆ. ಅವರ ಗಂಡ ಗಟ್ಟಿಮುಟ್ಟಾಗಿ, ಕಾರಿನ ಪಕ್ಕ ನಿಂತು ಎಲೆ ಅಡಿಕೆ ಜಗಿಯುತ್ತಿದ್ದರು.

“ಹಂಗಾದ್ರ ಬರ್ರಿ, ನಾನೂ ಜೋಡಿ ಬರ್ತೀನಿ. ಕಾರಿನ ಹತ್ರ ನಿಂತು ಅವರ ಮುಂದ ಹೇಳೂಣು” ಅಂದೆ.

ಅವರು ನನ್ನ ಕೈ ಬಿಟ್ಟರು. ಹೋಗಿ ಕಾರಿನಲ್ಲಿ ಕೂತರು. ಕಾರು ತಿರುವು ದಾಟುವವರೆಗೂ ಗಾಜಿನಿಂದ ನನ್ನನ್ನೇ ನೋಡುತ್ತಿದ್ದರು.

ಒಳಗೆ ಅಕ್ಕ ಸೆರಗು ಬೀಸಿಕೊಳ್ಳುತ್ತಿದ್ದರು. “ಬಾಯಿ ಮುಚ್ಚಿಕೊಂಡು ಕುಂತಿದ್ರ ಇಷ್ಟೊತ್ತಿಗೆ ಎಲಿ ಅಡಿಕಿ ಬದಲಿ ಆಕ್ಕಿತ್ತು. ಇನ್ನ ಯಾರು ಬರ್ತಾರ ಈ ಮನಿಗೆ?”

“ಖರೇ ಟೈಮ್ ಕೇಳಿ ಬರಾವ್ರು ಬರ್ಲಿ ಅಕ್ಕಾ” ಅಂದೆ. ಮೂವತ್ತು ವರ್ಷದಲ್ಲಿ ಅವರಿಗೆ ನಾನು ಎದುರು ಹೇಳಿದ್ದು ಇದೇ ಮೊದಲು. ಅವರು ನನ್ನನ್ನು ದಿಟ್ಟಿಸಿ ನೋಡಿದರು. ನಾನೂ ನೋಡಿದೆ.

ಕತ್ತಲಾದ ಮೇಲೆ ಮಾಳಿಗೆಯಿಂದ ಒಣ ಬಟ್ಟೆ ತರಲು ಹತ್ತಿದೆ. ಮಂಗಳ ಕಾಣಲಿಲ್ಲ. ಈ ದಿನಗಳಲ್ಲಿ ಅವನು ಸೂರ್ಯನ ಮಗ್ಗುಲಲ್ಲಿರುತ್ತಾನೆ, ಹುಡುಕಿದರೂ ಸಿಗುವುದಿಲ್ಲ ಎಂದು ಮಗಳು ಹೇಳಿದಳು. ಕಾಣದಿದ್ದರೆ ಕಾಣದಿರಲಿ. ಇದ್ದಲ್ಲೇ ಇದ್ದಾನಲ್ಲ.

ರಾತ್ರಿ ಎಲ್ಲರೂ ಕೂಡಿ ಉಂಡೆವು. ಗಂಡಿನವರಿಗೆಂದು ಮಾಡಿದ ಹೋಳಿಗೆ, ತುಪ್ಪ, ಎಣ್ಣೆಗಾಯಿ, ಜೋಳದ ರೊಟ್ಟಿ, ಮರಳಿಯ ಹೊಸ ಅಕ್ಕಿಯ ಅನ್ನ, ಕಟ್ಟಿನ ಸಾರು. ಅಕ್ಕ ತನಗೆ ಹಸಿವಿಲ್ಲ ಎಂದು ಗೋಡೆ ಕಡೆ ಮುಖ ಮಾಡಿದ್ದರು, ಮಗಳು ತಟ್ಟೆ ಮುಂದಿಟ್ಟ ಮೇಲೆ ಮೂರು ಹೋಳಿಗೆ ತಿಂದು ಹೂರಣಕ್ಕೆ ಏಲಕ್ಕಿ ಕಡಿಮೆಯಾಗಿದೆ ಅಂದರು. ಕೈ ತೊಳೆಯುವಾಗ ಯಜಮಾನರು, “ಏಳಕ್ಕ ಐದು ಕಮ್ಮಿ ಅಂತ ಅಷ್ಟು ಬರೋಬ್ಬರಿ ನೆನಪೈತೇನು ನಿನಗ?” ಎಂದು ಕೇಳಿದರು. “ನೀವು ಅವತ್ತು ಊರಾಗ ಇದ್ದಿಲ್ಲ” ಅಂದೆ. ಫೋನ್ ಬರಲಿಲ್ಲ, ಅದರ ದಾರಿಯನ್ನು ಯಾರೂ ಕಾಯಲೂ ಇಲ್ಲ. ಎಲ್ಲರಿಗಿಂತ ಮೊದಲು ನಿದ್ದೆ ಹೋದವಳು ಮಗಳು, ಜಡೆಯಲ್ಲಿ ಅಕ್ಕೋರ ಮಲ್ಲಿಗೆ ಹಾಗೇ ಇಟ್ಟುಕೊಂಡು.